ಗಾಡಿಯ ಜಾಡೂ ಮೋಟಾರಿನ ಹೊಟ್ಟೆಯೂ

ಮೋಟಾರು ಕೊಳ್ಳಹೊರಟವರು ಅದರ ಬಣ್ಣವನ್ನು ನೋಡುತ್ತಾರೆ, ಆಸನವನ್ನು ಒತ್ತಿ ನೋಡುತ್ತಾರೆ, ಲೀಟರಿಗೆ ಎಷ್ಟು ದೂರ ಓಡೀತೆಂದು ವಿಚಾರಿಸುತ್ತಾರೆ. ಮೊಣಕಾಲೂರಿ ಬಗ್ಗಿ, ಅದರ ಹೊಟ್ಟೆಗೂ ನೆಲಕ್ಕೂ ನಡುವೆ ಎಷ್ಟು ಬಿಡುವಿದೆಯೆಂದು ನೋಡುವವರು ವಿರಳ. ಆ ಬಿಡುವನ್ನು ಮೋಟಾರು ಬಲ್ಲವರು ಗ್ರೌಂಡ್ ಕ್ಲಿಯರೆನ್ಸ್ ಎನ್ನುತ್ತಾರೆ. ಕನ್ನಡ ಪಂಡಿತನ ಚಟ ಬಿಡದೆ ನಾನು ಅದನ್ನು ‘ನೆಲಬಿಡುವು’ ಎಂದು ಕರೆದುಕೊಂಡಿದ್ದೇನೆ. ವಾಚಕರಿಗೆ ಹಿಡಿಸದಿದ್ದರೆ ತಳ್ಳಿಹಾಕಬಹುದು. ಹೆಸರೇನೇ ಇರಲಿ, ಗೇಣಿನಷ್ಟು ಎತ್ತರದ ಆ ಬರಿಯ ಗಾಳಿಯ ಜಾಗಕ್ಕೂ ಒಂದು ಚರಿತ್ರೆಯಿದೆ. ಅದು ನನ್ನ ಲಕ್ಷ್ಯಕ್ಕೆ ಬಂದದ್ದು ಪುಸ್ತಕದಿಂದಲ್ಲ, ಒಂದು ಪೇಚಾಟದಿಂದ.

೧೯೯೪ರ ವಿಧಾನಸಭಾ ಚುನಾವಣೆಯಲ್ಲಿ ನನಗೆ ಮಲೆನಾಡಿನ ಒಂದು ಮೂಲೆಯ ಮತಗಟ್ಟೆಯ ಕೆಲಸ ಬಿದ್ದಿತು. ಆಗಿನ್ನೂ ನಮ್ಮ ಕೈಗೆ ಯಂತ್ರಗಳು ಬಂದಿರಲಿಲ್ಲ. ತಗಡಿನ ಮತಪೆಟ್ಟಿಗೆಗಳು, ಕಾಗದದ ಮತಪತ್ರಗಳು. ಬಾಡಿಗೆಯ ಉದ್ದನೆಯ ಜೀಪೊಂದರಲ್ಲಿ ಎಂಟು ಮಂದಿ, ಪೆಟ್ಟಿಗೆಗಳು, ಹಾಸಿಗೆ ಸುರುಳಿಗಳು. ಡಾಮರು ಮುಗಿದು ಮೂರು ಮೈಲಿ ಹೋಗುವಷ್ಟರಲ್ಲಿ ಸಂಜೆಯಾಯಿತು. ಮಳೆಗಾಲದಲ್ಲಿ ಗಾಡಿಗಳು ಕೊರೆದಿದ್ದ ಜಾಡು ಬಿಸಿಲಿಗೆ ಒಣಗಿ ಕಲ್ಲಿನಂತಾಗಿದ್ದಿತು. ಎರಡು ಕಡೆಯೂ ಆಳವಾದ ಗಾಲಿಕಾಲುವೆ, ನಡುವೆ ಹುಲ್ಲು ಬೆಳೆದ ದಿಣ್ಣೆ. ಜೀಪು ಆ ಜಾಡಿಗಿಳಿದು ನಾಲ್ಕು ಮಾರು ಹೋಯಿತು, ಕೆಳಗಿನಿಂದ ಕರಕರ ಎಂಬ ಸದ್ದು ಬಂದಿತು, ನಿಂತಿತು. ಹಿಂದಿನ ಗಾಲಿಗಳು ಸುಮ್ಮನೆ ಗಿರ್ರನೆ ತಿರುಗತೊಡಗಿದುವು.

“ಏನಪ್ಪಾ, ಗಾಲಿ ಹೂತುಕೊಂಡವೇ?” ಎಂದೆ.

“ಗಾಲಿ ಹೂತಿಲ್ಲ ಮೇಷ್ಟ್ರೇ, ಹೊಟ್ಟೆ ಕೂತಿದೆ” ಎಂದ ಚಾಲಕ.

ಆ ಒಂದು ಮಾತಿನಲ್ಲಿ ಶಾಸ್ತ್ರವೆಲ್ಲ ಅಡಗಿದ್ದಿತೆಂದು ನನಗೆ ಆಮೇಲೆ ತಿಳಿಯಿತು. ವಾಹನದ ಭಾರ ಗಾಲಿಗಳ ಮೇಲಿದ್ದರೆ ಗಾಲಿಗಳು ನೆಲವನ್ನು ಒತ್ತುತ್ತವೆ. ಒತ್ತಿದರೆ ಹಿಡಿತ ಸಿಕ್ಕುತ್ತದೆ. ಹೊಟ್ಟೆ ದಿಣ್ಣೆಯ ಮೇಲೆ ಕುಳಿತಿತೆಂದರೆ ಭಾರವನ್ನು ದಿಣ್ಣೆಯೇ ಹೊತ್ತುಕೊಳ್ಳುತ್ತದೆ. ಗಾಲಿಗಳು ಇದ್ದೂ ಇಲ್ಲದಂತೆ. ಆಗ ಎಂಜಿನ್ನಿನ ಬಲ ಹತ್ತರಷ್ಟಿದ್ದರೂ ಪ್ರಯೋಜನವಿಲ್ಲ. ನಾವೆಲ್ಲ ಇಳಿದೆವು, ಪೆಟ್ಟಿಗೆಗಳನ್ನು ಇಳಿಸಿದೆವು. ಕಮಾನುಪಟ್ಟಿಗಳು ಹಗುರಾಗಿ ಗಾಡಿ ಎರಡು ಬೆರಳು ಮೇಲೆದ್ದಿತು. ಆದರೂ ಅಚ್ಚಿನ ನಡುವಿನ ಉಂಡೆ ದಿಣ್ಣೆಯಲ್ಲಿ ಕಚ್ಚಿಕೊಂಡೇ ಇದ್ದಿತು.

ಬೆಳಗಾದರೆ ಮತದಾನ. ಪೆಟ್ಟಿಗೆ ತಲಪದಿದ್ದರೆ ಆ ಊರಿನವರ ಮತವೇ ಇಲ್ಲ. ಕತ್ತಲಾಗುವ ಹೊತ್ತಿಗೆ ಊರಿನ ಹಿರಿಯರೊಬ್ಬರು ಎತ್ತಿನ ಗಾಡಿ ಹೊಡೆದುಕೊಂಡು ಎದುರಿಗೆ ಬಂದರು. “ಪೆಟ್ಟಿಗೆ ಹಾಕಿ ಸ್ವಾಮಿ, ಹೋಗುವ” ಎಂದರು. ಗಾಡಿ ತಿರುಗಿತು. ಮತಗಟ್ಟೆಯ ಅಧಿಕಾರಿಗಳು ಪೆಟ್ಟಿಗೆಗಳನ್ನು ಅಪ್ಪಿಕೊಂಡು ಗಾಡಿಯಲ್ಲಿ ಕುಳಿತರು, ಪೊಲೀಸಿನವರೂ ನಾವೂ ಹಿಂದೆ ನಡೆದೆವು. ಲಾಟೀನಿನ ಬೆಳಕಿನಲ್ಲಿ ನಾನು ನೋಡಿದೆನು: ಜೀಪನ್ನು ಕಚ್ಚಿ ಹಿಡಿದಿದ್ದ ಅದೇ ದಿಣ್ಣೆಯ ಮೇಲೆ ಗಾಡಿ ಹೋಗುತ್ತಿದ್ದಿತು. ಅದರ ಅಚ್ಚಿಗೂ ದಿಣ್ಣೆಯ ಹುಲ್ಲಿಗೂ ನಡುವೆ ಒಂದು ನಾಯಿ ಧಾರಾಳವಾಗಿ ನುಸುಳಬಹುದಾಗಿದ್ದಿತು.

ಎತ್ತಿನ ಗಾಡಿ ಹೋದ ದಾರಿಯಲ್ಲಿ ಮೋಟಾರು ಏಕೆ ಹೋಗಲಾರದು? ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ನಮ್ಮ ಹಳೆಯ ದೊಡ್ಡ ಗಾಲಿಯ ಗಾಡಿಯಲ್ಲಿ ಗಾಲಿಯ ಎತ್ತರ ನಾಲ್ಕೂವರೆಯಿಂದ ಐದು ಅಡಿ. ಅಚ್ಚು ಗಾಲಿಯ ನಟ್ಟನಡುವೆ ಇರತಕ್ಕದ್ದು. ಆದುದರಿಂದ ಅದು ನೆಲದಿಂದ ಎರಡಡಿಗಿಂತ ಮೇಲೆಯೇ ಇರುತ್ತದೆ. ಅದೊಂದು ನೇರವಾದ ದಂಡ, ಅಷ್ಟೆ. ಎಳೆಯುವ ಶಕ್ತಿ ಗಾಡಿಯೊಳಗಿಲ್ಲ, ಹೊರಗೆ ನೊಗದಲ್ಲಿದೆ. ಎತ್ತುಗಳು ಎಳೆದರೆ ಗಾಲಿ ಉರುಳುತ್ತದೆ; ಅಚ್ಚಿಗೆ ಭಾರ ಹೊರುವುದಲ್ಲದೆ ಬೇರೆ ಕೆಲಸವಿಲ್ಲ. ಮೋಟಾರಿನಲ್ಲಿ ಇದು ತಲೆಕೆಳಗು. ಶಕ್ತಿ ಒಳಗೆ ಹುಟ್ಟಿ, ಉದ್ದನೆಯ ದಂಡದ ಮೂಲಕ ಹಿಂದಕ್ಕೆ ಬಂದು, ಅಚ್ಚಿನ ನಡುವೆ ಎಡಬಲಗಳಿಗೆ ತಿರುಗಬೇಕು. ಹಾಗೆ ತಿರುಗಿಸುವ ಹಲ್ಲುಚಕ್ರಗಳ ಪೆಟ್ಟಿಗೆಗೆ ಡಿಫರೆನ್ಷಿಯಲ್ ಎಂದು ಹೆಸರು. ಈ ಉಂಡೆ ನೆಲದ ಕಡೆಗೆ ಇಳಿಬಿದ್ದಿರುತ್ತದೆ. ಹೆಚ್ಚಿನ ಹಳೆಯ ಮೋಟಾರುಗಳಲ್ಲಿ ನಡುಮಧ್ಯದಲ್ಲಿಯೇ. ಗಾಡಿಯ ಜಾಡಿನಲ್ಲಿ ದಿಣ್ಣೆ ಏಳುವುದೂ ನಡುಮಧ್ಯದಲ್ಲಿಯೇ! ಗಾಡಿಯು ತಾನು ದಾಟಬಲ್ಲ ದಿಣ್ಣೆಯನ್ನು ಎಬ್ಬಿಸಿ ಬಿಟ್ಟುಹೋಯಿತು. ಹಿಂದೆ ಬಂದ ಮೋಟಾರು ಆ ದಿಣ್ಣೆಗೆ ಹೊಟ್ಟೆ ಕೊಟ್ಟಿತು. ನೆಲಬಿಡುವಿನ ಚರಿತ್ರೆಯೆಂದರೆ ಬಹುಪಾಲು ಗಾಡಿಯ ಜಾಡಿನೊಡನೆ ಮೋಟಾರು ನಡಸಿದ ವ್ಯವಹಾರದ ಚರಿತ್ರೆ.

ಈ ವ್ಯವಹಾರ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಅಮೆರಿಕದಲ್ಲಿ. ಅಲ್ಲಿ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ವಲಸೆಗಾರರು ಕಾಡು ಕಡಿದು ದಾರಿ ಮಾಡುವಾಗ ಮರದ ಬೊಡ್ಡೆಗಳನ್ನು ಕೀಳುತ್ತಿರಲಿಲ್ಲ. ಒಹಾಯೊ ಪ್ರಾಂತದಲ್ಲಿ ಬೊಡ್ಡೆ ಒಂದಡಿಗಿಂತ ಎತ್ತರವಿರಬಾರದೆಂದು ಮಾತ್ರ ಕಾನೂನು ಮಾಡಿದರು. ಒಂದಡಿಯ ಬೊಡ್ಡೆಯನ್ನು ಗಾಡಿ ಕಾಲುಗಳ ನಡುವೆ ಬಿಟ್ಟುಕೊಂಡು ಹೋಗುತ್ತದೆ ಎಂಬ ಭರವಸೆ. ವಾಹನಕ್ಕೆ ತಕ್ಕ ರಸ್ತೆಯೋ, ರಸ್ತೆಗೆ ತಕ್ಕ ವಾಹನವೋ ಎಂಬ ವಾದ ಅಲ್ಲಿ ಏಳಲೇ ಇಲ್ಲ. ಎರಡೂ ಒಟ್ಟಿಗೆ ಬೆಳೆದಿದ್ದುವು. ಮೋಟಾರು ಬಂದಾಗ ಮಾತ್ರ ತೊಡಕು. ೧೯೦೪ರಲ್ಲಿ ಅಲ್ಲಿನ ಸರಕಾರದವರು ಎಣಿಸಿದಾಗ ಹಳ್ಳಿಗಾಡಿನ ಸುಮಾರು ೨೧½ ಲಕ್ಷ ಮೈಲಿ ದಾರಿಯಲ್ಲಿ ಕಲ್ಲೋ ಗರಸೋ ಕಂಡದ್ದು ನೂರಕ್ಕೆ ಏಳು ಮೈಲಿ ಮಾತ್ರ. ಮಿಕ್ಕದ್ದು ಬೇಸಗೆಯಲ್ಲಿ ಧೂಳು, ಮಳೆಯಲ್ಲಿ ಕೆಸರು. ಪಟ್ಟಣದಿಂದ ಐದು ಮೈಲಿ ದೂರವಿದ್ದ ರೈತನ ಸಂಸಾರಕ್ಕೆ ವೈದ್ಯನೂ ಶಾಲೆಯೂ ಸಂತೆಯೂ ವರ್ಷದಲ್ಲಿ ಎಷ್ಟೋ ತಿಂಗಳು ಇಲ್ಲದಂತೆಯೇ.

ಇಂಥ ದಾರಿಗೆಂದು ಹೆನ್ರಿ ಫೋರ್ಡನು ೧೯೦೮ರ ಅಕ್ಟೋಬರಿನಲ್ಲಿ ಮಾಡೆಲ್ ಟಿ ಎಂಬ ಕಾರನ್ನು ಹೊರತಂದನು. ಅದರ ಟೈರುಗಳ ವ್ಯಾಸ ೩೦ ಅಂಗುಲ. ಲೆಕ್ಕ ಸುಲಭ: ಅರ್ಧ ೧೫ ಅಂಗುಲ, ಅಲ್ಲಿ ಅಚ್ಚಿನ ನಡು, ಅದರಿಂದ ಡಿಫರೆನ್ಷಿಯಲ್ ಉಂಡೆಯ ಐದು ಅಂಗುಲ ಕಳೆದರೆ ಉಳಿದದ್ದು ಸುಮಾರು ೧೦ ಅಂಗುಲ. ಇಂದು ನಮ್ಮ ಬೀದಿಗಳಲ್ಲಿ ಓಡಾಡುವ ಸಣ್ಣ ಕಾರುಗಳಿಗೆ ಇರುವುದು ಆರೂ ಚಿಲ್ಲರೆ ಅಂಗುಲ. ನೂರು ವರ್ಷದ ಪ್ರಗತಿಯಲ್ಲಿ ನಾವು ಕಳೆದುಕೊಂಡದ್ದನ್ನೂ ಎಣಿಸಬೇಕಲ್ಲವೆ?

ಆದರೆ ಹತ್ತು ಅಂಗುಲವೊಂದೇ ಮಾಡೆಲ್ ಟಿಯ ಗುಟ್ಟಲ್ಲ. ಮುಂದೊಂದು ಹಿಂದೊಂದು, ಎರಡೇ ಕಮಾನುಪಟ್ಟಿಗಳನ್ನು ಗಾಡಿಗೆ ಅಡ್ಡಲಾಗಿ ಕಟ್ಟಿದ್ದರು. ಒಂದು ಗಾಲಿ ಗುಂಡಿಗಿಳಿದು ಇನ್ನೊಂದು ದಿಬ್ಬ ಹತ್ತಿದರೂ ಅಚ್ಚುಗಳು ಓಲಾಡಿಕೊಂಡು ನಾಲ್ಕು ಗಾಲಿಗಳೂ ನೆಲ ಬಿಡುತ್ತಿರಲಿಲ್ಲ. ತೂಕವೂ ಕಡಮೆ, ೧,೨೦೦ ಪೌಂಡಿನ ಆಸುಪಾಸು. ನನಗೆ ಬಹಳ ಸ್ವಾರಸ್ಯವಾಗಿ ಕಂಡ ಸಂಗತಿ ಇನ್ನೊಂದು. ಆ ಕಾರಿನ ಎಡಬಲ ಗಾಲಿಗಳ ನಡುವಣ ಅಂತರ ಸಾಮಾನ್ಯವಾಗಿ ೫೬ ಅಂಗುಲ. ಅಮೆರಿಕದ ದಕ್ಷಿಣ ಪ್ರಾಂತಗಳಲ್ಲಿ ಮಾತ್ರ ಕುದುರೆಗಾಡಿಗಳ ಜಾಡು ೬೦ ಅಂಗುಲ ಅಗಲ. ೫೬ರ ಕಾರು ೬೦ರ ಜಾಡಿಗೆ ಇಳಿದರೆ ಒಂದು ಗಾಲಿ ಕಾಲುವೆಯಲ್ಲಿ, ಇನ್ನೊಂದು ದಿಣ್ಣೆಯ ಪಕ್ಕದಲ್ಲಿ. ಕಾರು ಕುಂಟನಂತೆ ವಾಲಿಕೊಂಡು ಹೋಗಬೇಕು. ಆದ್ದರಿಂದ ಆ ಪ್ರಾಂತಗಳಿಗಾಗಿ ೬೦ ಅಂಗುಲದ್ದನ್ನೂ ಕೆಲವು ವರ್ಷ ಬೇರೆಯಾಗಿ ಮಾಡಿ ಮಾರಿದರು. ಲಕ್ಷಗಟ್ಟಲೆ ಕಾರುಗಳನ್ನು ಒಂದೇ ಎರಕದಂತೆ ತೆಗೆಯುತ್ತಿದ್ದ ಆ ಕಾರ್ಖಾನೆ ಕೂಡ ಹಳ್ಳಿಯ ಗಾಡಿಯ ಮುಂದೆ ತಲೆಬಾಗಿತು. ೧೯೨೭ರಲ್ಲಿ ನಿಲ್ಲಿಸುವ ಹೊತ್ತಿಗೆ ಒಂದೂವರೆ ಕೋಟಿಗೂ ಮಿಕ್ಕಿ ಮಾಡೆಲ್ ಟಿಗಳು ತಯಾರಾಗಿದ್ದುವು; ಮೊದಲಿಗೆ ೮೫೦ ಡಾಲರಿದ್ದ ಬೆಲೆ ಮುನ್ನೂರಕ್ಕಿಂತ ಕೆಳಗೆ ಇಳಿದಿದ್ದಿತು.

ನೆಲಬಿಡುವಿನ ಮೇಲೆ ನೆಲವೇ ಸವಾರಿ ಮಾಡುವುದೂ ಉಂಟು. ಕರ್ಣನ ರಥದ ಗಾಲಿಯನ್ನು ಭೂಮಿ ನುಂಗಿದ ಕಥೆಯನ್ನು ನಾವು ತರಗತಿಯಲ್ಲಿ ಹೇಳುತ್ತೇವೆ. ಶಾಪದ ಮಾತು ಹಾಗಿರಲಿ. ಗಾಲಿ ಒಂದು ಅಂಗುಲ ಹೂತರೆ ನೆಲಬಿಡುವು ಒಂದು ಅಂಗುಲ ಕಡಮೆಯಾಯಿತೆಂದೇ ಲೆಕ್ಕ. ೧೯೧೯ರ ಜುಲೈ ೭ರಂದು ಅಮೆರಿಕದ ಸೈನ್ಯದ ಮೋಟಾರುಗಳ ದೊಡ್ಡ ಸಾಲೊಂದು ವಾಷಿಂಗ್ಟನ್ನಿನಿಂದ ಹೊರಟು ಪಶ್ಚಿಮದ ಸ್ಯಾನ್‌ಫ್ರಾನ್ಸಿಸ್ಕೋ ಸೇರಿತು. ಮೂರು ಸಾವಿರದ ಇನ್ನೂರು ಮೈಲಿಗೆ ಹಿಡಿದದ್ದು ಎರಡು ತಿಂಗಳು. ಯೂಟಾ ಪ್ರಾಂತದ ಉಪ್ಪುನೆಲದ ಮರಳುಗಾಡಿನಲ್ಲಿ ಲಾರಿಗಳು ಹೂತು, ಸಿಪಾಯಿಗಳೇ ಹಗ್ಗ ಕಟ್ಟಿ ಎಳೆದರು. ಎತ್ತರದ ಲಾರಿಗಳೇ; ಆದರೆ ಭಾರಕ್ಕೆ ನೆಲ ಒಡೆದು ಎತ್ತರವೆಲ್ಲ ಮಣ್ಣಿನೊಳಗೆ ಇಳಿಯಿತು. ಆ ಸಾಲಿನಲ್ಲಿ ಐಸೆನ್‌ಹೋವರ್ ಎಂಬ ತರುಣ ಸೇನಾಧಿಕಾರಿಯಿದ್ದನು. ಮುಂದೆ ಆತನು ರಾಷ್ಟ್ರಾಧ್ಯಕ್ಷನಾಗಿ ೧೯೫೬ರಲ್ಲಿ ದೇಶದುದ್ದಕ್ಕೂ ಹೆದ್ದಾರಿಗಳನ್ನು ಕಟ್ಟಿಸುವ ಕಾನೂನಿಗೆ ಸಹಿ ಹಾಕಿದನು.

ರಸ್ತೆಗಳು ನಯವಾದಂತೆ ಕಾರುಗಳು ತಗ್ಗಿದುವು. ತಗ್ಗಾದ ಕಾರು ತಿರುವಿನಲ್ಲಿ ವಾಲುವುದಿಲ್ಲ, ಗಾಳಿಯನ್ನು ಸೀಳಿ ವೇಗವಾಗಿ ಹೋಗುತ್ತದೆ. ಹೆಂಗಸರು ಮುದುಕರು ಹತ್ತಿ ಇಳಿಯಲೂ ಸುಲಭ. ಇದೇನೂ ತಪ್ಪಲ್ಲ. ಆದರೆ ಡಾಮರು ಮುಗಿದಲ್ಲಿ ಆ ಕಾರಿನ ಪ್ರಪಂಚವೂ ಮುಗಿಯಿತು. ಇದನ್ನು ನೆನಪಿಗೆ ತಂದುಕೊಟ್ಟದ್ದು ಎರಡನೆಯ ಮಹಾಯುದ್ಧ.

೧೯೪೦ರ ಬೇಸಗೆಯಲ್ಲಿ ಅಮೆರಿಕದ ಸೈನ್ಯ ನೂರಾ ಮೂವತ್ತೈದು ಕಾರ್ಖಾನೆಗಳಿಗೆ ಪತ್ರ ಬರೆಯಿತು. ನಾಲ್ಕು ಗಾಲಿಗಳಿಗೂ ಶಕ್ತಿ ಹರಿಯುವ ಒಂದು ಸಣ್ಣ ವಾಹನ ಬೇಕು; ತೂಕ ೧,೩೦೦ ಪೌಂಡು ಮೀರಬಾರದು; ಮಾದರಿ ೪೯ ದಿನಗಳಲ್ಲಿ ಬರಬೇಕು. ಶತ್ರುವಿನ ಕಣ್ಣಿಗೆ ಬೀಳದಷ್ಟು ತಗ್ಗಾಗಿರಬೇಕು. ಆದರೆ ಕಲ್ಲುಮುಳ್ಳಿನ ಮೇಲೆ ಹೊಟ್ಟೆ ತಾಗಬಾರದು. ತಲೆ ತಗ್ಗಬೇಕು, ಹೊಟ್ಟೆ ಏಳಬೇಕು! ಬ್ಯಾಂಟಮ್ ಎಂಬ ಸಣ್ಣ ಕಾರ್ಖಾನೆಯ ಪರವಾಗಿ ಕಾರ್ಲ್ ಪ್ರೋಬ್ಸ್ಟ್ ಎಂಬಾತನು ನಕ್ಷೆ ಬರೆದು, ಸೆಪ್ಟೆಂಬರ್ ೨೩ರಂದು ಮಾದರಿಯನ್ನು ಸೈನ್ಯಕ್ಕೆ ಒಪ್ಪಿಸಿದನು. ಆಮೇಲೆ ವಿಲೀಸ್ ಮತ್ತು ಫೋರ್ಡ್ ಕಾರ್ಖಾನೆಗಳು ಅದನ್ನು ತಿದ್ದಿ ಆರು ಲಕ್ಷಕ್ಕೂ ಮೇಲ್ಪಟ್ಟು ತಯಾರಿಸಿದುವು. ಇದೇ ಜೀಪು. ತೂಕದ ಷರತ್ತು ಮಾತ್ರ ಉಳಿಯಲಿಲ್ಲ. ಕೊನೆಗೆ ಅದು ಸುಮಾರು ೨,೪೫೦ ಪೌಂಡಿಗೆ ನಿಂತಿತು.

ಲೋಕಪ್ರಸಿದ್ಧವಾದ ಈ ಜೀಪಿನ ನೆಲಬಿಡುವು ೮¾ ಅಂಗುಲ, ಮಾಡೆಲ್ ಟಿಗಿಂತ ಕಡಮೆ. ಹಾಗಾದರೆ ಅದು ಬೆಟ್ಟ ಹತ್ತಿದ್ದು ಹೇಗೆ? ವಾಚಕರು ಒಂದು ಪುಸ್ತಕವನ್ನು ಮೇಜಿನ ಮೇಲೆ ಡೇರೆಯಂತೆ ಬೋರಲು ನಿಲ್ಲಿಸಲಿ. ಅದರ ಮೇಲೆ ಮಕ್ಕಳ ಆಟದ ಗಾಡಿಗಳಲ್ಲಿ ಗಿಡ್ಡನೆಯದೊಂದನ್ನೂ ಉದ್ದನೆಯದೊಂದನ್ನೂ ದಾಟಿಸಿ ನೋಡಲಿ. ಎರಡರ ಹೊಟ್ಟೆಯೂ ಒಂದೇ ಎತ್ತರದಲ್ಲಿದ್ದರೂ ಗಿಡ್ಡನೆಯದು ಪುಸ್ತಕದ ಬೆನ್ನನ್ನು ದಾಟುತ್ತದೆ. ಉದ್ದನೆಯದು ಮುಂದಿನ ಗಾಲಿ ಆ ಕಡೆ, ಹಿಂದಿನ ಗಾಲಿ ಈ ಕಡೆ ಇಟ್ಟು ನಡುವಿನಲ್ಲಿ ಕುಳಿತುಬಿಡುತ್ತದೆ. ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ ಜೀಪಿನಲ್ಲಿ ೮೦ ಅಂಗುಲ. ಅದೇ ಕಾಲದ ಫೋರ್ಡ್ ಕಾರಿನಲ್ಲಿ ೧೧೨. ಮೂತಿ ಗಾಲಿಯಿಂದ ಮುಂದಕ್ಕೆ ಚಾಚಿಲ್ಲವಾದ್ದರಿಂದ ಜೀಪು ೪೫ ಡಿಗ್ರಿಯ ದಂಡೆಗೆ ಮೂಗು ತಾಗಿಸದೆ ಗಾಲಿಯಿಡಬಲ್ಲದು. ಇಳಿದು ಹೊರಬರುವಾಗ ಬಾಲಕ್ಕೆ ೩೫ ಡಿಗ್ರಿಯ ಅವಕಾಶವಿದೆ. ಎತ್ತರವನ್ನು ಬರಿಯ ಅಂಗುಲದಲ್ಲಿ ಅಳೆದರೆ ಸಾಲದು, ಉದ್ದದೊಡನೆ ಕೂಡಿಸಿ ಅಳೆಯಬೇಕೆಂಬುದನ್ನು ಜೀಪು ಕಲಿಸಿತು. ನಮ್ಮನ್ನು ಹೊತ್ತಿದ್ದ ಬಾಡಿಗೆ ಜೀಪು ಹೆಚ್ಚು ಜನ ಹಿಡಿಸಲೆಂದು ಉದ್ದಮಾಡಿದ್ದು. ಹೆಸರು ಮಾತ್ರ ಅದೇ, ಗುಣ ಬೇರೆ.

ಎದುರು ಪಕ್ಷದ ಜರ್ಮನರು ಇದೇ ತೊಡಕಿಗೆ ಬೇರೆ ಪರಿಹಾರ ಹುಡುಕಿದರು. ಫರ್ಡಿನಾಂಡ್ ಪೋರ್ಷೆಯು ರೂಪಿಸಿದ ಕ್ಯೂಬೆಲ್‌ವಾಗನ್ ಎಂಬ ಸೈನ್ಯದ ಕಾರು ೧೯೪೦ರಿಂದ ತಯಾರಾಯಿತು. ಅದರ ಹಿಂದಿನ ಗಾಲಿಯ ಗುಂಬದ ಬಳಿ ಇನ್ನೊಂದು ಜೊತೆ ಹಲ್ಲುಚಕ್ರವನ್ನಿಟ್ಟು, ಅಚ್ಚು ಗಾಲಿಯ ನಡುವಿಗಿಂತ ಮೇಲಕ್ಕೆ ಇರುವಂತೆ ಮಾಡಿದರು. ಅಚ್ಚು ಗಾಲಿಯ ನಡುವಿನಲ್ಲಿಯೇ ಇರಬೇಕೆಂಬ ಗಾಡಿಯ ಕಾಲದ ಕಟ್ಟಳೆ ಇಲ್ಲಿ ಮುರಿಯಿತು. ನೆಲಬಿಡುವು ಸುಮಾರು ೧೧ ಅಂಗುಲವಾಯಿತು. ಹೊಟ್ಟೆಯೂ ನುಣುಪು, ತಾಗಿದರೂ ದೋಣಿಯಂತೆ ಜಾರುತ್ತಿದ್ದಿತು. ಎರಡೇ ಗಾಲಿಗೆ ಶಕ್ತಿಯಿದ್ದರೂ ಮರಳಿನಲ್ಲಿಯೂ ಕೆಸರಿನಲ್ಲಿಯೂ ಅದು ಒಳ್ಳೆಯ ಹೆಸರು ಪಡೆಯಿತು.

ಆ ಉಪಾಯ ಪೂರ್ಣವಾಗಿ ಫಲಿಸಿದ್ದು ಯುದ್ಧ ಮುಗಿದ ಮೇಲೆ, ಕೊಲ್ಲುವುದಕ್ಕಲ್ಲ, ಉಣ್ಣುವುದಕ್ಕೆ. ೧೯೪೫ರಲ್ಲಿ ಸೋತು ಬೂದಿಯಾಗಿದ್ದ ಜರ್ಮನಿಯಲ್ಲಿ ಅನ್ನಕ್ಕೆ ಬಡತನ. ವಿಮಾನದ ಎಂಜಿನ್ನುಗಳ ಕೆಲಸ ಮಾಡುತ್ತಿದ್ದ ಆಲ್ಬರ್ಟ್ ಫ್ರೀಡ್ರಿಕ್ ಎಂಬ ಎಂಜಿನಿಯರು ರೈತನಿಗಾಗಿ ಒಂದು ವಾಹನವನ್ನು ಕಲ್ಪಿಸಿದನು. ಹೊಲ ಉಳಬೇಕು, ಫಸಲು ಹೊತ್ತು ಪೇಟೆಗೂ ಓಡಬೇಕು. ಅದೇ ಊನಿಮೋಗ್. ಅದರ ಎಡಬಲ ಗಾಲಿಗಳ ಅಂತರವನ್ನು ೧,೨೭೦ ಮಿಲಿಮೀಟರು ಎಂದು ಗೊತ್ತುಮಾಡಿದರು. ಏಕೆಂದರೆ ಅದು ಆಲೂಗೆಡ್ಡೆಯ ಎರಡು ಸಾಲುಗಳ ಅಳತೆ. ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆಲೂಗೆಡ್ಡೆಗೆ ಮಣ್ಣು ಏರಿಸಿ ದಿಂಡು ಕಟ್ಟುತ್ತಾರೆ. ಗಾಲಿಗಳು ದಿಂಡುಗಳ ನಡುವಿನ ಸಾಲಿನಲ್ಲಿ ಹೋಗಬೇಕು, ಹೊಟ್ಟೆ ದಿಂಡಿನ ಮೇಲಿನ ಗಿಡವನ್ನು ಸವರಬಾರದು. ಮತ್ತೆ ಅದೇ ಎರಡು ಕಾಲುವೆ, ಅದೇ ನಡುವಿನ ದಿಣ್ಣೆ! ಆದರೆ ಈ ದಿಣ್ಣೆ ಅಡ್ಡಿಯಲ್ಲ, ಅನ್ನ. ಊನಿಮೋಗಿನಲ್ಲಿ ಮುಂದೂ ಹಿಂದೂ ಅಚ್ಚುಗಳನ್ನು ಗಾಲಿಯ ನಡುವಿಗಿಂತ ಮೇಲೆ ಕೂರಿಸಿ, ಗಾಲಿಯ ಬಳಿ ಹಲ್ಲುಚಕ್ರಗಳಿಂದ ಶಕ್ತಿಯನ್ನು ಕೆಳಕ್ಕೆ ಇಳಿಸಿದರು. ಬಾಗಿಲಿನ ಚೌಕಟ್ಟಿನಂತೆ ಕಾಣುವುದರಿಂದ ಅದಕ್ಕೆ ಪೋರ್ಟಲ್ ಅಚ್ಚು ಎಂದು ಹೆಸರು. ನೆಲಬಿಡುವು ಒಂದಡಿಗೂ ಮಿಕ್ಕಿತು. ೧೯೪೮ರಿಂದ ಬೋಹ್ರಿಂಗರ್ ಕಾರ್ಖಾನೆಯಲ್ಲಿ, ೧೯೫೧ರಿಂದ ಡೈಮ್ಲರ್-ಬೆಂಜ್ ಕಾರ್ಖಾನೆಯಲ್ಲಿ ಅದು ತಯಾರಾಗತೊಡಗಿತು.

ಇಷ್ಟೆಲ್ಲ ಏಕೆ, ಕಮಾನುಪಟ್ಟಿಯ ಕೆಳಗೆ ಎರಡು ತುಂಡು ಸೇರಿಸಿ ಗಾಡಿಯನ್ನು ಎತ್ತಿದರಾಯಿತಲ್ಲ ಎಂದು ಕೇಳುವ ತರುಣರಿದ್ದಾರೆ. ಮೈ ಏಳುತ್ತದೆ, ನಿಜ. ಎಂಜಿನ್ನಿನ ಎಣ್ಣೆ ತುಂಬಿದ ಚೇಂಬರಿಗೆ ರಕ್ಷಣೆ ಸಿಕ್ಕುತ್ತದೆ. ಆದರೆ ಅಚ್ಚು ಗಾಲಿಗೆ ಕಟ್ಟುಬಿದ್ದದ್ದು, ಅದು ಇದ್ದಲ್ಲಿಯೇ ಇರುತ್ತದೆ. ಅದನ್ನು ಎತ್ತಲು ದೊಡ್ಡ ಗಾಲಿಯೇ ಬೇಕು. ಗಾಲಿಯ ವ್ಯಾಸ ಎರಡು ಅಂಗುಲ ಬೆಳೆದರೆ ಅಚ್ಚು ಏಳುವುದು ಒಂದೇ ಅಂಗುಲ. ಮೈ ಎತ್ತಿದಷ್ಟೂ ಭಾರದ ಕೇಂದ್ರ ಮೇಲೇರಿ, ಓರೆಯಾದ ದಾರಿಯಲ್ಲಿ ಮಗುಚುವ ಭಯ. ಇನ್ನೊಂದು ಕಡೆ, ತಗ್ಗಿನ ಕಾರುಗಳಿಗೆ ಊರೊಳಗೇ ಕಷ್ಟ. ರಸ್ತೆಯುಬ್ಬು ೧೦ ಸೆಂಟಿಮೀಟರು ಎತ್ತರ, ೩.೭ ಮೀಟರು ಉದ್ದವಿರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸೂತ್ರವಿದೆ. ಅಷ್ಟು ಹರಹಿದ್ದರೆ ಯಾವ ಹೊಟ್ಟೆಯೂ ತಾಗದು. ಊರೂರಿನಲ್ಲಿ ರಾತ್ರೋರಾತ್ರಿ ಏಳುವ ಉಬ್ಬುಗಳಾದರೋ ಗೋಡೆಯ ತಮ್ಮಂದಿರು.

ನಮ್ಮ ದೇಶಕ್ಕೆ ಜೀಪು ಬಂದದ್ದು ಯುದ್ಧದ ಸೈನ್ಯದೊಡನೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮಹೀಂದ್ರ ಸಂಸ್ಥೆಯವರು ವಿಲೀಸ್ ಜೀಪಿನ ಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿದರು. ಕೊಡಗು ಮಲೆನಾಡುಗಳ ಕಾಫಿ ತೋಟಗಳಲ್ಲಿ ಜೀಪು ಮನೆಯ ಮಗನಂತಾಯಿತು. ತೋಟದಿಂದ ಬಾಣಂತಿಯನ್ನೂ ಹಾವು ಕಚ್ಚಿದವನನ್ನೂ ಆಸ್ಪತ್ರೆಗೆ ತಂದ ಜೀಪುಗಳ ಕಥೆಯನ್ನು ಆ ಕಡೆಯ ಯಾವ ಮನೆಯಲ್ಲಿ ಕೇಳಿದರೂ ಹೇಳುತ್ತಾರೆ.

ನಮ್ಮ ಕಥೆಗೆ ಬರುತ್ತೇನೆ. ಬೆಳಗ್ಗೆ ಹೊತ್ತಿಗೆ ಸರಿಯಾಗಿ ಮತದಾನ ಶುರುವಾಯಿತು. ರಾತ್ರಿಯೆಲ್ಲ ಚಾಲಕನೂ ಊರಿನ ನಾಲ್ವರೂ ಗುದ್ದಲಿಯಿಂದ ಜೀಪಿನ ಕೆಳಗಿನ ದಿಣ್ಣೆಯನ್ನು ಕೆತ್ತಿ, ಗಾಲಿಗೆ ಕಲ್ಲು ಕೊಟ್ಟು ಬಿಡಿಸಿಕೊಂಡಿದ್ದರಂತೆ. ಸಂಜೆ ತುಂಬಿದ ಪೆಟ್ಟಿಗೆಗಳೊಡನೆ ಹೊರಟಾಗ ನನಗೆ ಎದೆ ಡವಗುಟ್ಟಿತು. ಚಾಲಕ ಈ ಸಲ ಜಾಡಿಗೆ ಇಳಿಯಲೇ ಇಲ್ಲ. ಬಲಗಡೆಯ ಗಾಲಿಗಳನ್ನು ನಡುವಿನ ದಿಣ್ಣೆಯ ನೆತ್ತಿಗೆ ಹತ್ತಿಸಿ, ಎಡಗಡೆಯವನ್ನು ದಾರಿಯ ಅಂಚಿನ ಹುಲ್ಲಿಗೆ ಹಾಕಿ, ಆಳದ ಕಾಲುವೆಯನ್ನು ಹೊಟ್ಟೆಯ ಕೆಳಗೆ ಬಿಟ್ಟುಕೊಂಡು ಇಂಚಿಂಚಾಗಿ ನಡಸಿದನು. ಹಿಂದಿನ ದಿನ ಸಿಕ್ಕಿಬಿದ್ದ ಜಾಗ ಬಂದಾಗ, ಕೆತ್ತಿ ಹಾಕಿದ್ದ ಹಸಿಮಣ್ಣಿನ ಗುಡ್ಡೆಯನ್ನು ತೋರಿಸಿ, “ನಿನ್ನೆ ಹೀಗೆ ಬರಬೇಕಾಗಿತ್ತು ಮೇಷ್ಟ್ರೇ. ಕತ್ತಲೆಗೆ ಮುಂಚೆ ತಲಪಬೇಕು ಅನ್ನೋ ಆತುರ” ಎಂದ.